ದುಃಖಕ್ಕೆ ರೇಟ್ ಕಾರ್ಡ್

ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಯಾರದ್ದೋ ಅಜಾಗರೂಕತೆಯಿಂದ ಅಪ್ಪ ಸತ್ತರೆ, ಮಗಳ ದುಃಖಕ್ಕೆ ಕಾನೂನು ಕೊಡುವ ಪರಿಹಾರ ಸೊನ್ನೆ. ಹೌದು, ಸೊನ್ನೆ. 1976ರ ಫೇಟಲ್ ಆ್ಯಕ್ಸಿಡೆಂಟ್ಸ್ ಆ್ಯಕ್ಟ್ ಪ್ರಕಾರ ಆ ಹಣ ಗಂಡ ಅಥವಾ ಹೆಂಡತಿಗೆ, ಎರಡು ವರ್ಷ ಜೊತೆಗೆ ಬಾಳಿದ ಸಂಗಾತಿಗೆ, ಹದಿನೆಂಟು ತುಂಬದ, ಮದುವೆಯಾಗದ ಮಗುವನ್ನು ಕಳೆದುಕೊಂಡ ಅಪ್ಪ-ಅಮ್ಮನಿಗೆ ಮಾತ್ರ. (ಅವರಿಬ್ಬರೂ ಮದುವೆಯಾಗಿರದಿದ್ದರೆ ಅಮ್ಮನಿಗಷ್ಟೇ!) ಮೊತ್ತವೂ ಎಲ್ಲರಿಗೂ ಒಂದೇ: 2020ರಲ್ಲಿ ನಿಗದಿಯಾದ 15,120 ಪೌಂಡ್. ದಿನವಿಡೀ ಮಾಡೆಲ್ ಕಟ್ಟುವ ನನಗೆ ಇದು ಲೆಕ್ಕಾಚಾರ ಅಂತಲೇ ಅನ್ನಿಸೋದಿಲ್ಲ.

ಅವಲಂಬಿತ ಮಕ್ಕಳು ಕಳೆದುಹೋದ ಆದಾಯವನ್ನು ಬೇರೆಯಾಗಿ ಕೇಳಬಹುದು, ನಿಜ. ಅದು ಅಪ್ಪನ ಸಂಬಳಕ್ಕೆ ಪರಿಹಾರ, ಅಪ್ಪನಿಗಲ್ಲ. ಪಕ್ಕದ ಸ್ಕಾಟ್ಲೆಂಡಿನಲ್ಲಿ ಮಕ್ಕಳೂ ಕೇಳಬಹುದು, ಮೊತ್ತ ಕೋರ್ಟಿಗೆ ಬಿಟ್ಟದ್ದು. ಭಾರತದ ಸುಪ್ರೀಂ ಕೋರ್ಟೂ ರಸ್ತೆ ಅಪಘಾತದಲ್ಲಿ ಅಪ್ಪ-ಅಮ್ಮನ ಒಡನಾಟ ಕಳೆದುಕೊಂಡ ಮಕ್ಕಳಿಗೆ ಪರಿಹಾರ ಸಲ್ಲಬೇಕು ಅಂತ 2018ರಲ್ಲೇ ಹೇಳಿದೆ. ಅಲ್ಲಿನ ಮೊತ್ತ ಚಿಲ್ಲರೆ, ಒಪ್ಪಿದೆ. ವೆಸ್ಟ್‌ಮಿನ್‌ಸ್ಟರ್ ಮೊದಲು ಪಟ್ಟಿಗೆ ಮಕ್ಕಳನ್ನು ಸೇರಿಸಲಿ. ಮೊತ್ತದ ಜಗಳ ಆಮೇಲೆ ಆಡೋಣ.