ದೊಡ್ಡ ಮೇಳವೆಂದರೆ ಯಾವುದು?

“ಮಾಸ್ತರೇ, ನಮ್ಮ ಕಂಪನಿ ತೀರಾ ದೊಡ್ಡದಾಯಿತು, ಅದಕ್ಕೇ ನಾನು ಮನೆಗೆ ಬಂದೆ.”

ಹೋದ ಮಳೆಗಾಲದಲ್ಲಿ ಜಾಲಿಯ ಕಡಲ ದಂಡೆಯ ಮೇಲೆ ನಿಂತು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆಡಿದ ಮಾತು ಇದು. ಹುಡುಗ ಜಾಣ. ಲೆಕ್ಕ ಬಿಡಿಸು ಎಂದರೆ ಪಟ್ಟಿಯ ಅಂಚಿನಲ್ಲಿ ರಾಕ್ಷಸನ ಮೋರೆ ಬರೆಯುತ್ತಿದ್ದವ. ನನ್ನ ಕೈಯಿಂದ ಬೆತ್ತದ ಏಟನ್ನೂ ತಿಂದವ. ಆ ಮೋರೆಗಳೇ ಅವನಿಗೆ ಬೆಂಗಳೂರಿನಲ್ಲಿ ಅನ್ನ ಕೊಟ್ಟವು. ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಆಡುವ ಆಟಗಳನ್ನು ತಯಾರಿಸುವ ಒಂದು ಸ್ಟುಡಿಯೋದಲ್ಲಿ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಅವನು ಸೇರಿದಾಗ ಅಲ್ಲಿದ್ದವರು 18 ಮಂದಿ. ಒಂದೂವರೆ ವರ್ಷದೊಳಗೆ ನೂರಾದರು. ಮುಂದಿನ ವರ್ಷ ಒಂದು ಬೆಳಿಗ್ಗೆ ಎಪ್ಪತ್ತು ಮಂದಿಗೆ ಒಂದೇ ಒಕ್ಕಣೆಯ ಪತ್ರ ಬಂದಿತು. ಅವರಲ್ಲಿ ಇವನೂ ಒಬ್ಬ.

ಅವನ ಮಾತಿಗೆ ನಾನು ಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಕಂಪನಿ ಮುಳುಗಿ ಕೆಲಸ ಹೋಯಿತೆಂದರೆ ತಿಳಿಯುತ್ತದೆ. ಕಂಪನಿ ಬೆಳೆದು ಕೆಲಸ ಹೋಯಿತೆಂದರೆ ಏನು? ಇದು ಎಲ್ಲಿಯ ನ್ಯಾಯ?

ವಾಚಕರೇ, ಈ ಲೇಖನದಲ್ಲಿ ನನ್ನ ಜಗಳ ಆ ಒಂದು ಕಂಪನಿಯೊಡನೆ ಅಲ್ಲ. ನಮ್ಮ ಸಭೆಗಳಲ್ಲಿ, ಪತ್ರಿಕೆಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ ಸಹ ಬೇರುಬಿಟ್ಟಿರುವ ಒಂದು ನಂಬಿಕೆಯೊಡನೆ. “ಹೋದ ವರ್ಷ ಇಪ್ಪತ್ತು ಮಂದಿ ಇದ್ದೆವು, ಈ ವರ್ಷ ನೂರಿಪ್ಪತ್ತು” ಎಂದು ವೇದಿಕೆಯ ಮೇಲೆ ಯಾರಾದರೂ ಹೇಳಿದರೆ ಸಾಕು, ನಾವು ಚಪ್ಪಾಳೆ ತಟ್ಟುತ್ತೇವೆ. ಆ ನೂರಿಪ್ಪತ್ತು ಮಂದಿಗೆ ಎಷ್ಟು ತಿಂಗಳ ಸಂಬಳ ಪೆಟ್ಟಿಗೆಯಲ್ಲಿದೆ ಎಂದು ಕೇಳುವವರು ಒಬ್ಬರೂ ಇಲ್ಲ. ತಲೆ ಎಣಿಸುವುದೇ ಏಳಿಗೆ ಎಂಬ ಈ ನಂಬಿಕೆ ಸುಳ್ಳೆಂದೂ, ಅದರ ಬೆಲೆಯನ್ನು ತೆರುವವರು ಚಪ್ಪಾಳೆ ಗಿಟ್ಟಿಸಿದವರಲ್ಲವೆಂದೂ ನನ್ನ ವಾದ.

ನಮ್ಮ ಕರಾವಳಿಯಲ್ಲಿ ‘ಆಟ’ ಎಂದರೆ ಯಕ್ಷಗಾನ. “ಇವತ್ತು ಆಟ ಎಲ್ಲಿ?” ಎಂದರೆ ಚೆಂಡಾಟವನ್ನು ಯಾರೂ ನೆನೆಯುವುದಿಲ್ಲ. ಆದ್ದರಿಂದ ಆಟ ಕಟ್ಟಿ ಹೊಟ್ಟೆ ಹೊರೆಯುವ ವಿದ್ಯೆ ನಮಗೆ ಹೊಸದಲ್ಲ. ಅದರ ಲಾಭ ನಷ್ಟಗಳೂ ಹೊಸದಲ್ಲ. ಆಟದಲ್ಲಿ ಎರಡು ಬಗೆ ಉಂಟು. ಒಂದು ಹರಕೆಯ ಆಟ: ಹರಕೆ ಹೊತ್ತವನು ಹಣ ಕೊಡುತ್ತಾನೆ, ಮೇಳ ಬಂದು ಕುಣಿಯುತ್ತದೆ, ಜನ ಪುಕ್ಕಟೆ ನೋಡುತ್ತಾರೆ. ಇನ್ನೊಂದು ಡೇರೆಯ ಆಟ: ಮೇಳದವರೇ ಡೇರೆ ಹಾಕಿ, ಚೀಟಿ ಮಾರಿ, ಬಂದ ಗಲ್ಲಾದಿಂದ ಬದುಕಬೇಕು. ಪ್ರಸಂಗ ಮೆಚ್ಚುಗೆಯಾದರೆ ಒಂದೇ ರಾತ್ರಿಯಲ್ಲಿ ಸಿರಿ. ಮಳೆ ಹೊಯ್ದರೆ ಅದೇ ರಾತ್ರಿ ಸಾಲ.

ಕಂಪ್ಯೂಟರ್ ಆಟದ ಸ್ಟುಡಿಯೋಗಳಲ್ಲಿಯೂ ಇವೇ ಎರಡು ಬಗೆ. ಪರದೇಶದ ದೊಡ್ಡ ಕಂಪನಿಗಳ ಆಟಗಳಿಗೆ ಗುತ್ತಿಗೆಯ ಮೇಲೆ ಚಿತ್ರ ಬರೆದು ಕೊಡುವುದು ಹರಕೆಯ ಆಟ. ಸ್ವಂತ ಆಟವನ್ನು ಎರಡು ಮೂರು ವರ್ಷ ಕಟ್ಟಿ ಪೇಟೆಗೆ ಬಿಡುವುದು ಡೇರೆಯ ಆಟ. ಮೊದಲನೆಯದರಲ್ಲಿ ಹೆಸರು ಕಡಿಮೆ, ಕೂಳು ಖಚಿತ. ಎರಡನೆಯದರಲ್ಲಿ ಹೆಸರೂ ಹಣವೂ ಬಂದರೆ ಹೊಳೆಯಾಗಿ ಬರುತ್ತವೆ. ಬಾರದಿದ್ದರೆ ಹನಿಯೂ ಇಲ್ಲ.

ಮಂದಾರ್ತಿ ಕ್ಷೇತ್ರದ ಮೇಳವನ್ನು ನೋಡಿ. ಅಲ್ಲಿ ಇಂದು ಒಂದಲ್ಲ, ಐದು ಮೇಳಗಳು ಹೊರಡುತ್ತವೆ. ಬೆಳವಣಿಗೆಯೆಂದರೆ ಇದೂ ಬೆಳವಣಿಗೆಯೇ. ಆದರೆ ಅಲ್ಲಿ ಹರಕೆಯ ಪಟ್ಟಿ ವರ್ಷಗಟ್ಟಲೆ ಮುಂದಕ್ಕೆ ತುಂಬಿದೆ. ಕುಣಿಯಬೇಕಾದ ರಾತ್ರಿಗಳು ಮೊದಲು ಬಂದವು, ಕುಣಿಯುವ ಕಾಲುಗಳು ಆಮೇಲೆ ಬಂದವು. ನಮ್ಮ ಹೊಸ ಸ್ಟುಡಿಯೋಗಳಲ್ಲಿ ಈ ಕ್ರಮವೇ ತಿರುಗುಮುರುಗಾಗಿದೆ: ಕಾಲುಗಳನ್ನು ಮೊದಲು ಕೂಡಿಸುವುದು, ರಾತ್ರಿಗಳು ಬಂದಾವೆಂದು ಕಾಯುವುದು.

ಬೆಂಗಳೂರಿನ ‘ಧ್ರುವ ಇಂಟರಾಕ್ಟಿವ್’ ಕಂಪನಿಯ ಕತೆ ಈ ಮಾತಿಗೆ ಒಳ್ಳೆಯ ಸಾಕ್ಷಿ. ರಾಜೇಶ್ ರಾವ್ ಅವರು 1997ರ ಸುಮಾರಿಗೆ ಆಟಗಳ ಕೆಲಸಕ್ಕೆ ಕೈಹಾಕಿದರು. ಆಗ ನಮ್ಮ ದೇಶದಲ್ಲಿ ಇದೊಂದು ಕಸುಬೆಂದೇ ಯಾರಿಗೂ ತಿಳಿದಿರಲಿಲ್ಲ. ಧ್ರುವದವರು ಬಹುಕಾಲ ಹರಕೆಯ ಆಟವನ್ನೇ ಆಡಿದರು. ‘ಫೋರ್ಜಾ ಹೊರೈಜನ್ 4’, ‘ಸೀ ಆಫ್ ಥೀವ್ಸ್’ ಮೊದಲಾದ ಜಗತ್ಪ್ರಸಿದ್ಧ ಆಟಗಳಲ್ಲಿ ಅವರ ಕೈಚಳಕ ಇದೆ. ಇಪ್ಪತ್ತು ವರ್ಷಗಳಲ್ಲಿ ಅವರು ಮುನ್ನೂರಕ್ಕೂ ಮೇಲ್ಪಟ್ಟು ಜನರಾದರು. ಭಾಗಿಸಿ ನೋಡಿದರೆ ವರ್ಷಕ್ಕೆ ಹದಿನೈದು ಹದಿನಾರು ಮಂದಿ. ಇದನ್ನು ವೇದಿಕೆಯ ಮೇಲೆ ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ.

2017ರಲ್ಲಿ ಸ್ವೀಡನ್ ದೇಶದ ‘ಸ್ಟಾರ್‌ಬ್ರೀಜ್’ ಎಂಬ ಕಂಪನಿ ಸುಮಾರು 85 ಲಕ್ಷ ಡಾಲರಿನ ವ್ಯವಹಾರದಲ್ಲಿ ಧ್ರುವದ ಬಹುಪಾಲು ಷೇರುಗಳನ್ನು ಕೊಂಡಿತು. ಈ ಸ್ಟಾರ್‌ಬ್ರೀಜ್ ಚಪ್ಪಾಳೆಯ ಕಂಪನಿ. 2013ರಲ್ಲಿ ಬಿಡುಗಡೆಯಾದ ‘ಪೇಡೇ 2’ ಆಟ ಅದಕ್ಕೆ ಹಣದ ಮಳೆ ಸುರಿಸಿತ್ತು. ಆ ಒಂದು ಮಳೆಯನ್ನು ನಂಬಿ ಅವರು ಹತ್ತು ಹೊಲ ಉತ್ತರು: ಕಣ್ಣಿಗೆ ಕಟ್ಟಿಕೊಳ್ಳುವ ಯಂತ್ರ, ಅದರ ವಿನೋದಮಂದಿರ, ಬೇರೆಯವರ ಆಟಗಳ ಪ್ರಕಾಶನ, ಹೊಸ ಹೊಸ ಶಾಖೆಗಳು. 2018ರ ನವೆಂಬರಿನಲ್ಲಿ ಅವರು ಹೊರತಂದ ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’ ನೆಲ ಕಚ್ಚಿತು. ಮರುತಿಂಗಳೇ, ಡಿಸೆಂಬರಿನಲ್ಲಿ, ಕಂಪನಿ ಸಾಲಗಾರರಿಂದ ರಕ್ಷಣೆ ಬೇಡಿ ನ್ಯಾಯಾಲಯದ ಬಾಗಿಲು ತಟ್ಟಿತು. ಒಂದು ಆಟ ಸೋತರೆ ಒಂದು ತಿಂಗಳೂ ತಡೆಯಲಾರದ ಮನೆಯನ್ನು ದೊಡ್ಡಮನೆಯೆನ್ನುವುದು ಹೇಗೆ?

ಮುಂದೆ ಆದದ್ದು ಇನ್ನೂ ಸೋಜಿಗ. ಉಳಿಯುವುದಕ್ಕಾಗಿ ಸ್ಟಾರ್‌ಬ್ರೀಜ್ ಕೈಯಲ್ಲಿದ್ದುದನ್ನು ಮಾರತೊಡಗಿತು. ಹಾಗೆ ಮಾರಿದ ಒಡವೆಗಳಲ್ಲಿ ನಮ್ಮ ಬೆಂಗಳೂರಿನ ಧ್ರುವವೂ ಒಂದು. 2019ರಲ್ಲಿ ‘ರಾಕ್‌ಸ್ಟಾರ್ ಗೇಮ್ಸ್’ ಕಂಪನಿ ಅದನ್ನು ಸುಮಾರು 79 ಲಕ್ಷ ಡಾಲರಿಗೆ ಕೊಂಡು ತನ್ನ ಬೆಂಗಳೂರಿನ ಶಾಖೆಯೊಡನೆ ಸೇರಿಸಿಕೊಂಡಿತು. ನೋಡಿದಿರಾ? ಓಡಿ ಬೆಳೆದವನು ಎಡವಿ ಬಿದ್ದಾಗ ಅವನ ಕೈಗೆ ಆಸರೆಯಾದ ವಸ್ತುಗಳಲ್ಲೊಂದು ನಡೆದು ಬೆಳೆದವನ ಮನೆ. ನಿಧಾನವಾಗಿ ಕಟ್ಟಿದ್ದಕ್ಕೆ ಸಂಕಟದ ಕಾಲದಲ್ಲಿಯೂ ಗಿರಾಕಿ ಇದ್ದ.

ಇನ್ನೊಂದು ಬಗೆಯ ಅವಸರವೂ ಬೆಂಗಳೂರಿನಲ್ಲೇ ನಡೆಯಿತು. 2018ರಲ್ಲಿ ಹುಟ್ಟಿದ ‘ಮೊಬೈಲ್ ಪ್ರೀಮಿಯರ್ ಲೀಗ್’ ಹಣ ಕಟ್ಟಿ ಆಡುವ ಆಟಗಳ ಕಂಪನಿ. ಮೂರೇ ವರ್ಷದಲ್ಲಿ, 2021ರಲ್ಲಿ, ಅದರ ಬೆಲೆ ಇನ್ನೂರು ಕೋಟಿ ಡಾಲರನ್ನು ದಾಟಿತೆಂದು ಹೂಡಿಕೆದಾರರು ಬೆಲೆಕಟ್ಟಿದರು. 2023ರಲ್ಲಿ ಸರಕಾರ ಇಂಥ ಆಟಗಳಿಗೆ ನೂರಕ್ಕೆ 28ರ ತೆರಿಗೆ ಎಂದಿತು. ಆಗಸ್ಟಿನಲ್ಲಿ ಸುಮಾರು 350 ಮಂದಿ ಕೆಲಸ ಕಳೆದುಕೊಂಡರು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸುವ ಕಾನೂನು ಮಾಡಿತು. ಮತ್ತೆ ಕೆಲಸಗಳು ಹೋದವು. ಕಾನೂನು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಒಂದೇ ಕಂಬದ ಮೇಲೆ ಏಳು ಅಂತಸ್ತು ಏರಿಸಿದವರು ಕಂಬ ಅಲುಗಿದಾಗ ಗಾಳಿಯನ್ನು ಬೈದರೆ ಸಾಲದೆಂಬುದಷ್ಟೇ ನನ್ನ ಅರಿಕೆ.

“ಹಾಗಾದರೆ ಹಾಸಿಗೆ ಇದ್ದಷ್ಟೇ ಕಾಲು ಚಾಚಿಕೊಂಡು ಮಲಗಿರಿ ಎನ್ನುತ್ತೀರಾ ಮಾಸ್ತರೇ?” ಎಂದು ಕೇಳುವವರಿದ್ದಾರೆ. ಅವರ ಪಕ್ಷದಲ್ಲಿಯೂ ಸತ್ಯವಿದೆ; ಮುಚ್ಚಿಡಲಾರೆ. ಬೆಲ್ಜಿಯಂ ದೇಶದ ‘ಲೇರಿಯನ್’ ಸ್ಟುಡಿಯೋ 1996ರಲ್ಲಿ ಹುಟ್ಟಿ ಬಹುಕಾಲ ಬಡತನದಲ್ಲೇ ಬಾಳಿತು. ಆಮೇಲೆ ‘ಬಾಲ್ಡರ್ಸ್ ಗೇಟ್ 3’ ಎಂಬ ಭಾರೀ ಆಟಕ್ಕಾಗಿ ಕೆಲವೇ ವರ್ಷಗಳಲ್ಲಿ ಹಲವು ದೇಶಗಳಲ್ಲಿ ಶಾಖೆ ತೆರೆದು ನಾನ್ನೂರು ಮಂದಿಯಾಗಿ ಬೆಳೆಯಿತು. 2023ರಲ್ಲಿ ಆ ಆಟ ಹೊರಬಿದ್ದಾಗ ಜಗತ್ತೇ ತಲೆದೂಗಿತು. 18 ಮಂದಿಯಿಂದ ಅಂಥ ಆಟ ಆಗುತ್ತಿರಲಿಲ್ಲವೆಂಬುದು ನಿರ್ವಿವಾದ. ದೊಡ್ಡ ಕೆಲಸಕ್ಕೆ ದೊಡ್ಡ ಮೇಳ ಬೇಕು. ದೊಡ್ಡ ಮೇಳದಲ್ಲಿ ನಮ್ಮ ಮಕ್ಕಳಿಗೆ ದೊಡ್ಡ ವೇಷಗಳು ಸಿಗುತ್ತವೆ. ಆದರೆ ಒಂದು ಅಂಶವನ್ನು ಮರೆಯಬಾರದು. ಲೇರಿಯನ್ನಿನವರ ಬೆಳವಣಿಗೆಗೆ ಹಿಂದಿನ ಎರಡು ಆಟಗಳ ಗಳಿಕೆ ಬುನಾದಿಯಾಗಿತ್ತು. 2020ರಲ್ಲಿಯೇ ಅರ್ಧ ಆಟವನ್ನು ಜನರ ಕೈಗಿಟ್ಟು, ಹಣವನ್ನೂ ಟೀಕೆಯನ್ನೂ ಪಡೆದು, ಮೂರು ವರ್ಷ ತಿದ್ದಿದರು. ಅವರು ಹಾಸಿಗೆಯನ್ನು ನೇಯುತ್ತ ಕಾಲು ಚಾಚಿದರು.

ನನ್ನ ತಕರಾರು ಬೆಳವಣಿಗೆಯ ಮೇಲಲ್ಲ, ವೇಗದ ಮೇಲೆ. ಇದಕ್ಕೆ ಮಾಸ್ತರನ ಲೆಕ್ಕ ಕೇಳಿ. ಕಂಪನಿಯ ಪೆಟ್ಟಿಗೆಯಲ್ಲಿ 3 ಕೋಟಿ ರೂಪಾಯಿ ಇದೆಯೆನ್ನಿ. ತಲೆಗೆ ತಿಂಗಳಿಗೆ 60,000 ರೂಪಾಯಿ ಖರ್ಚೆನ್ನಿ. 18 ಮಂದಿ ಇದ್ದರೆ ತಿಂಗಳಿಗೆ 10 ಲಕ್ಷ 80 ಸಾವಿರ. ಒಂದು ಕಾಸು ಗಳಿಸದೆ 27 ತಿಂಗಳು ಉಸಿರಾಡಬಹುದು, ಅಷ್ಟರಲ್ಲಿ ಒಂದು ಆಟ ಕಟ್ಟಬಹುದು. 100 ಮಂದಿಯಾದರೆ ತಿಂಗಳಿಗೆ 60 ಲಕ್ಷ. ಐದೇ ತಿಂಗಳಿಗೆ ಪೆಟ್ಟಿಗೆ ಖಾಲಿ. ಆರನೆಯ ತಿಂಗಳು ಹೂಡಿಕೆದಾರನ ಮನಸ್ಸು ತಿರುಗಿದರೆ ಏನು ಗತಿ? ಅವನಿಗೆ ಇದು ಹತ್ತು ಪಣಗಳಲ್ಲಿ ಒಂದು. ಚಿತ್ರ ಬರೆಯುವ ಹುಡುಗನಿಗೆ ಇರುವುದು ಒಂದೇ ಬದುಕು.

ಇನ್ನೊಂದು ಲೆಕ್ಕ. 18 ಮಂದಿಯಲ್ಲಿ ಇಬ್ಬಿಬ್ಬರ ನಡುವಿನ ನಂಟುಗಳನ್ನು ಎಣಿಸಿದರೆ 153. 100 ಮಂದಿಯಲ್ಲಿ 4,950. ಜನ ಐದೂವರೆ ಪಟ್ಟು ಹೆಚ್ಚಿದರೆ ಮಾತು ತಪ್ಪುವ ಅವಕಾಶ ಮೂವತ್ತೆರಡು ಪಟ್ಟು ಹೆಚ್ಚುತ್ತದೆ. ತಡವಾದ ಕೆಲಸಕ್ಕೆ ಹೊಸ ಜನರನ್ನು ತುಂಬಿದರೆ ಅದು ಇನ್ನಷ್ಟು ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ ಎಂಬ ಅಮೆರಿಕದ ಎಂಜಿನಿಯರ್ 1975ರಲ್ಲೇ ಪುಸ್ತಕ ಬರೆದು ಎಚ್ಚರಿಸಿದ್ದರು. ಹೊಸಬರಿಗೆ ಕಲಿಸುವವರು ಹಳಬರು. ಹಳಬರು ಕಲಿಸಲು ಕುಳಿತರೆ ಕೆಲಸ ಮಾಡುವವರಾರು? ಚೌಕಿಯಲ್ಲಿ ಒಂದೇ ರಾತ್ರಿ ಐವತ್ತು ಹೊಸ ವೇಷ ಬಣ್ಣ ಬಳಿದುಕೊಂಡು ಕುಳಿತರೆ ಭಾಗವತರ ಪಾಡೇನು?

ನಮ್ಮ ನೆರೆಯ ಹೊನ್ನಾವರ ತಾಲೂಕಿನಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಮೇಳದ ಜೊತೆಗೆ ಕಲಿಸುವ ಮನೆಯೊಂದನ್ನೂ ಕಟ್ಟಿದರು. ಗುಣವಂತೆಯ ಶ್ರೀಮಯ ಯಕ್ಷಗಾನ ಕಲಾಕೇಂದ್ರ 1986ರದು. ತೊಂಬತ್ತು ವರ್ಷ ದಾಟಿಯೂ ಆ ಮೇಳ ಗೆಜ್ಜೆ ಬಿಚ್ಚಿಲ್ಲ. ವೇಷ ಹೆಚ್ಚುವ ಮುನ್ನ ವೇಷಧಾರಿ ತಯಾರಾಗಬೇಕೆಂಬ ವಿವೇಕವನ್ನು ನಾವು ಅಮೆರಿಕದಿಂದ ತರಿಸಬೇಕಾಗಿಲ್ಲ.

ಸರಕಾರದ ಕಡೆಗೂ ಎರಡು ಮಾತು ಇದೆ. ಆನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ಪ್ರತ್ಯೇಕ ನೀತಿಯನ್ನು 2012ರಲ್ಲಿಯೇ ತಂದದ್ದು ಕರ್ನಾಟಕದ ಹೆಗ್ಗಳಿಕೆ. 2024ರಿಂದ 2029ರವರೆಗಿನ ಹೊಸ ನೀತಿಯಲ್ಲಿ 30,000 ಹೊಸ ಉದ್ಯೋಗಗಳ ಗುರಿ ಇಟ್ಟಿದ್ದಾರೆ. ಸಂತೋಷ. ಆದರೆ ಎಣಿಕೆ ಯಾವಾಗ? ಹುಡುಗ ಬಾಗಿಲೊಳಗೆ ಕಾಲಿಟ್ಟ ದಿನವೋ, ಮೂರು ವರ್ಷ ಕಳೆದ ಮೇಲೋ? ಮೊದಲ ದಿನವೇ ಎಣಿಸುವುದಾದರೆ, ನಮ್ಮ ಹುಡುಗನೂ ಎಲ್ಲೋ ಒಂದು ವರದಿಯಲ್ಲಿ ಉದ್ಯೋಗ ಪಡೆದವನಾಗಿಯೇ ಉಳಿದಾನು, ಜಾಲಿಯ ಮರಳಿನ ಮೇಲೆ ನಿಂತುಕೊಂಡೇ! ಸಹಾಯಧನ ಕೊಡುವುದಾದರೆ ಮೂರು ವರ್ಷ ಉಳಿಸಿಕೊಂಡವರ ಲೆಕ್ಕ ನೋಡಿ ಕೊಡಲಿ.

ಮಾಲೀಕರಿಗೆ ನನ್ನ ಬೇಡಿಕೆ ಚಿಕ್ಕದು. ಕೆಲಸಕ್ಕೆ ಕರೆಯುವಾಗ ಸಂಬಳದ ಜೊತೆಗೆ ಇನ್ನೊಂದು ಅಂಕಿಯನ್ನೂ ಹೇಳಿ: ಇನ್ನೆಷ್ಟು ತಿಂಗಳ ಸಂಬಳ ಕೈಯಲ್ಲಿದೆ? ಮೊದಲ ಆಟ ಗಲ್ಲಾ ತುಂಬಿಸುವ ಮುನ್ನ ಎರಡನೆಯ ಡೇರೆ ಹಾಕಬೇಡಿ. ಹರಕೆಯ ಆಟವನ್ನು ಕೀಳೆಂದು ಬಿಡಬೇಡಿ. ಡೇರೆ ಹರಿದ ದಿನ ಅನ್ನ ಹಾಕುವುದು ಅದೇ.

ತಂದೆತಾಯಿಗಳೇ, ನಿಮಗೂ ಒಂದು ಮಾತು. “ಮಗ ದೊಡ್ಡ ಕಂಪನಿಯಲ್ಲಿದ್ದಾನೆ” ಎಂದು ಹೇಳಿಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕಂಪನಿಯ ಜನ ಎಷ್ಟೆಂದು ಕೇಳುವ ಬದಲು, ಅಲ್ಲಿ ಐದು ವರ್ಷದಿಂದ ಇರುವವರು ಎಷ್ಟು ಮಂದಿಯೆಂದು ಕೇಳಿ. ಅವನಿಗೆ ಕೆಲಸ ಕಲಿಸುವವರು ಅವರೇ.

ನಮ್ಮ ಕಡೆ ಮೇಳಗಳು ಮಳೆಗಾಲಕ್ಕೆ ಗೆಜ್ಜೆ ಬಿಚ್ಚುತ್ತವೆ. ಮಳೆ ಬರುತ್ತದೆಂಬುದು ಯಜಮಾನರಿಗೆ ದೀಪಾವಳಿಯ ದಿನವೇ ಗೊತ್ತು. ಅದನ್ನು ಅನಿರೀಕ್ಷಿತ ವಿಪತ್ತೆಂದು ಯಾವ ಯಜಮಾನರೂ ವೇಷಧಾರಿಗಳಿಗೆ ಪತ್ರ ಬರೆಯುವುದಿಲ್ಲ. ಆಟದ ವ್ಯಾಪಾರಕ್ಕೂ ಮಳೆಗಾಲ ಉಂಟು. ಅದಕ್ಕೆ ಪಂಚಾಂಗ ಇಲ್ಲ, ಅಷ್ಟೇ. ನೂರು ವೇಷ ಕುಣಿಸುವುದು ಮೇಳದ ದೊಡ್ಡಸ್ತಿಕೆಯಲ್ಲ. ಕಟ್ಟಿಕೊಂಡ ವೇಷಗಳನ್ನು ಮಳೆಗಾಲ ದಾಟಿಸಿ, ಮತ್ತೆ ಅದೇ ಚೌಕಿಯಲ್ಲಿ ಕೂಡಿಸಬಲ್ಲದ್ದೇ ದೊಡ್ಡ ಮೇಳ.

ಹುಡುಗ ಈಗ ಮತ್ತೆ ಬೆಂಗಳೂರಿಗೆ ಹೋಗಿದ್ದಾನೆ. ಹೊಸ ಜಾಗದಲ್ಲಿ ಹನ್ನೊಂದು ಮಂದಿ ಇದ್ದಾರಂತೆ. ಹೊರಡುವ ಮುನ್ನ ಬಂದು, “ಸಣ್ಣ ಕಂಪನಿ, ಮಾಸ್ತರೇ” ಎಂದ, ತಪ್ಪೊಪ್ಪಿಕೊಳ್ಳುವವನ ಹಾಗೆ. “ಎಷ್ಟು ತಿಂಗಳ ಸಂಬಳ ಇಟ್ಟಿದ್ದಾರೆಂದು ಕೇಳಿದೆಯಾ?” ಎಂದೆ. “ಕೇಳಿದೆ. ಇಪ್ಪತ್ತು ಎಂದರು.”

“ಹಾಗಾದರೆ ದೊಡ್ಡ ಕಂಪನಿಯೇ ಮಾರಾಯ, ಹೋಗಿ ಬಾ” ಎಂದು ಕಳಿಸಿದೆ.