ದೇಹದ ಲಜ್ಜೆಯೂ ಒಂದು ಶಲ್ಯವೇ

ಬಾದಾಮಿಯ ನಾಲ್ಕನೆಯ ಗುಹಾಲಯದವರೆಗೆ ಮೆಟ್ಟಿಲೇರಿ ಹೋದವರು ಅಲ್ಲಿನ ಬಾಹುಬಲಿಯ ಮೂರ್ತಿಯನ್ನು ಕಂಡಿರುತ್ತಾರೆ. ಮರಳುಗಲ್ಲಿನಲ್ಲಿ ಕಡೆದ ಆ ವಿಗ್ರಹದ ಅಂಗಾಂಗಗಳಿಗೆ ಬಳ್ಳಿ ಸುತ್ತಿಕೊಂಡಿದೆ, ಕಾಲಬಳಿ ಹಾವುಗಳಿವೆ, ಕೇಶರಾಶಿ ಹೆಗಲ ಮೇಲೆ ಇಳಿದಿದೆ. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಆ ಮಹಾಮುನಿಯ ಕೇವಲಜ್ಞಾನಕ್ಕೆ ಬಳ್ಳಿ ಅಡ್ಡಿಯಾಗಲಿಲ್ಲ, ಹುತ್ತ ಅಡ್ಡಿಯಾಗಲಿಲ್ಲ, ಬಿಸಿಲು ಮಳೆಗಳಲ್ಲಿ ಬಣ್ಣಗೆಟ್ಟ ಮೈಯೂ ಅಡ್ಡಿಯಾಗಲಿಲ್ಲ. ಭರತನ ನೆಲದಲ್ಲಿ ನಿಂತಿರುವೆನೆಂಬ ಎಳೆಯಷ್ಟು ಕೊರಗು ಮಾತ್ರ ಅಡ್ಡಿಯಾಯಿತೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಒಳಗೆ ಚುಚ್ಚಿಕೊಂಡು ನಿಂತ ಇಂಥ ಮುಳ್ಳನ್ನೇ ನಮ್ಮ ಶಾಸ್ತ್ರಗಳು ಶಲ್ಯವೆಂದು ಕರೆಯುತ್ತವೆ.

ಇಂದಿನ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಅಂಥದೊಂದು ಶಲ್ಯವನ್ನು ಪೇಟೆ ನೆಟ್ಟಿದೆ. ತಮ್ಮ ದೇಹವನ್ನು ಕುರಿತ ಲಜ್ಜೆಯೇ ಆ ಶಲ್ಯ. ಅಧ್ಯಾತ್ಮದ ಅಂಕಣದಲ್ಲಿ ಚರ್ಮದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಸಾಮಾಯಿಕಕ್ಕೆ ಕುಳಿತ ಸೊಸೆಯ ಮನಸ್ಸು ತನ್ನ ತೊಡೆಯ ಮೇಲಿನ ಗುಳಿಗಳನ್ನೇ ಎಣಿಸುತ್ತಿದ್ದರೆ ಅದು ಅಧ್ಯಾತ್ಮದ ಪ್ರಶ್ನೆಯಲ್ಲದೆ ಮತ್ತೇನು?

ಸ್ತ್ರೀಯರ ತೊಡೆ, ನಿತಂಬ, ಹೊಟ್ಟೆಗಳ ಚರ್ಮದ ಮೇಲೆ ಕಾಣುವ ಸಣ್ಣ ಉಬ್ಬುತಗ್ಗುಗಳಿಗೆ ಇಂಗ್ಲಿಷಿನಲ್ಲಿ ಸೆಲ್ಯುಲೈಟ್ ಎನ್ನುತ್ತಾರೆ. ಕಿತ್ತಳೆಯ ಸಿಪ್ಪೆಯಂತೆ ಕಾಣುತ್ತದೆಂದು ವೈದ್ಯರು ಹೋಲಿಸುತ್ತಾರೆ. ಚರ್ಮದ ಕೆಳಗಿನ ಕೊಬ್ಬನ್ನು ನಾರಿನಂಥ ಎಳೆಗಳು ಚರ್ಮಕ್ಕೂ ಒಳಗಿನ ಸ್ನಾಯುವಿನ ಹೊದಿಕೆಗೂ ಬಿಗಿದಿರುತ್ತವೆ. ಎಳೆ ಎಳೆದಲ್ಲಿ ತಗ್ಗು, ಕೊಬ್ಬು ಒತ್ತಿದಲ್ಲಿ ಉಬ್ಬು. ಪುರುಷರಲ್ಲಿ ಈ ಎಳೆಗಳು ಬಲೆಯಂತೆ ಅಡ್ಡಡ್ಡ ಹೆಣೆದುಕೊಂಡಿರುವುದರಿಂದ ಅದು ಅಪರೂಪ. ಸ್ತ್ರೀಯರಲ್ಲಿ ನೇರವಾಗಿ ನಿಂತಿರುವುದರಿಂದ ಅದು ಸಾಮಾನ್ಯ. ಮೈನೆರೆದ ಸ್ತ್ರೀಯರಲ್ಲಿ ಶೇಕಡಾ 80ರಿಂದ 90 ಮಂದಿಗೆ ಅದು ಒಂದಲ್ಲ ಒಂದು ಪ್ರಮಾಣದಲ್ಲಿ ಇರುತ್ತದೆಂದು ಚರ್ಮವೈದ್ಯರ ಅಂದಾಜು. ತೆಳ್ಳಗಿದ್ದವರಿಗೂ ಉಂಟು, ದಪ್ಪಗಿದ್ದವರಿಗೂ ಉಂಟು. ಅದು ರೋಗವಲ್ಲ. ಅದನ್ನು ಶಾಶ್ವತವಾಗಿ ಅಳಿಸುವ ಲೇಪನವೂ ಇಲ್ಲ. ಸೆಲ್ಯುಲೈಟಿಸ್ ಎಂಬ ಹೆಸರಿನ ಸೋಂಕು ಬೇರೆಯದು. ಚರ್ಮ ಕೆಂಪೇರಿ, ಬಾತು, ಬಿಸಿಯಾಗಿ ನೋಯುತ್ತಿದ್ದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಹೆಸರುಗಳ ಹೋಲಿಕೆಯಿಂದ ಇವೆರಡನ್ನೂ ಒಂದೆಂದು ತಿಳಿಯಬಾರದು.

ಅಮೆರಿಕದ ‘ವೋಗ್’ ಪತ್ರಿಕೆಯು 1968ರಲ್ಲಿ ಈ ಫ್ರೆಂಚ್ ಶಬ್ದವನ್ನು ತನ್ನ ಓದುಗರಿಗೆ ಹೊಸ ಸಮಸ್ಯೆಯೆಂಬಂತೆ ಪರಿಚಯಿಸಿತು. ಅಲ್ಲಿಂದ ಮುಂದೆ ಅದರ ಸುತ್ತ ಲೇಪನಗಳು, ಮರ್ದನ ಯಂತ್ರಗಳು, ದುಬಾರಿ ಚಿಕಿತ್ಸೆಗಳು ಬೆಳೆದವು. ನಮ್ಮ ಅಜ್ಜಿಯರ ಮೈಯಲ್ಲಿಯೂ ಈ ಉಬ್ಬುತಗ್ಗುಗಳು ಇದ್ದಿರಲೇಬೇಕು, ಆದರೆ ಅದಕ್ಕೆ ನಮ್ಮ ಮನೆಮಾತಿನಲ್ಲಿ ಹೆಸರೇ ಇರಲಿಲ್ಲ. ಹೊಟ್ಟೆಯ ಮೇಲಿನ ಮೂರು ಮಡಿಕೆಗಳನ್ನು ನಮ್ಮ ಪ್ರಾಚೀನ ಕವಿಗಳು ತ್ರಿವಳಿಯೆಂದು ಕರೆದು ಚೆಲುವಿನ ಲಕ್ಷಣಗಳಲ್ಲಿ ಎಣಿಸಿದರು. ಇಂದು ಅದೇ ಮಡಿಕೆ ದೋಷವೆನಿಸಿದೆ. ದೇಹ ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ. ಬಣ್ಣದ ವಿಷಯದಲ್ಲಿಯೂ ಹೀಗೆಯೇ ನಡೆಯಿತು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂದು ಬಂದ ಮುಲಾಮು 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರು ಬದಲಿಸಲು 45 ವರ್ಷ ಬೇಕಾಯಿತು. ಆ ಅವಧಿಯಲ್ಲಿ ಕಪ್ಪಗಿರುವುದೇ ಕೊರತೆಯೆಂದು ನಂಬಿ ಬೆಳೆದ ಹುಡುಗಿಯರ ಮನಸ್ಸಿಗೆ ಯಾರು ಪರಿಹಾರ ಕೊಡಬೇಕು?

ನಾನು ಶಿಕ್ಷಕಿಯಾಗಿದ್ದ ವರ್ಷಗಳಲ್ಲಿ ಕಂಡದ್ದನ್ನು ಹೇಳುತ್ತೇನೆ. ಏಳನೆಯ ತರಗತಿಯವರೆಗೆ ಖೋಖೋ, ಕಬಡ್ಡಿಗಳಲ್ಲಿ ಚಿಗರೆಯಂತೆ ಓಡುತ್ತಿದ್ದ ಹುಡುಗಿಯರು ಒಂಬತ್ತಕ್ಕೆ ಬರುವಷ್ಟರಲ್ಲಿ ಅಂಗಳದ ಅಂಚಿಗೆ ಸರಿಯುತ್ತಿದ್ದರು. ಕಾರಣ ಕೇಳಿದರೆ ಕಾಲುನೋವೆನ್ನುತ್ತಿದ್ದರು. ನೋವು ಕಾಲಿನಲ್ಲಿರಲಿಲ್ಲ, ಆಟದ ಉಡುಪಿನಲ್ಲಿ ಕಾಲು ಕಾಣುವುದರಲ್ಲಿತ್ತು. ಆಗ ಕನ್ನಡಿಯೊಂದೇ ಇತ್ತು. ಈಗ ಪ್ರತಿ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ತಿದ್ದಿ ನುಣುಪು ಮಾಡಿದ ಸಾವಿರ ಚಿತ್ರಗಳಿವೆ. ಬಾಗಲಕೋಟೆಯ ಹುಡುಗಿಯಾಗಲಿ ಹುನಗುಂದದ ಹುಡುಗಿಯಾಗಲಿ ತನ್ನ ನಿಜವಾದ ದೇಹವನ್ನು ಎಲ್ಲಿಯೂ ಇಲ್ಲದ ಒಂದು ದೇಹದೊಡನೆ ಹೋಲಿಸಿಕೊಂಡು ಕುಗ್ಗುತ್ತಾಳೆ.

ಈ ವಿಷಯದಲ್ಲಿ ಜಿನಾಗಮ ಏನು ಹೇಳುತ್ತದೆ? ಕರ್ಮಸಿದ್ಧಾಂತವನ್ನು ಸ್ವಲ್ಪ ಬಲ್ಲವರಿಗೂ ಉತ್ತರ ಸ್ಪಷ್ಟವಾಗಿದೆ. ಎಂಟು ಮೂಲಕರ್ಮಗಳಲ್ಲಿ ನಾಲ್ಕು ಘಾತಿ, ನಾಲ್ಕು ಅಘಾತಿ. ಶರೀರದ ರಚನೆ, ವರ್ಣ, ಸ್ಪರ್ಶ, ಆಕಾರಗಳೆಲ್ಲವೂ ನಾಮಕರ್ಮದ ಫಲ. ನಾಮಕರ್ಮ ಅಘಾತಿ, ಅದು ಆತ್ಮನ ಜ್ಞಾನಾದಿ ಗುಣಗಳನ್ನು ಘಾತಿಸುವುದಿಲ್ಲ. ಆಕಾರವನ್ನು ನಿರ್ಧರಿಸುವ ಸಂಸ್ಥಾನಗಳು ಆರು. ಸರ್ವಾಂಗಸುಂದರವಾದ ಸಮಚತುರಸ್ರದಿಂದ ಮೊದಲ್ಗೊಂಡು ಅಂಕುಡೊಂಕಾದ ಹುಂಡಕದವರೆಗೆ ಈ ಆರರಲ್ಲಿ ಯಾವುದೂ ಕೇವಲಜ್ಞಾನಕ್ಕೆ ತಡೆಯಲ್ಲವೆಂಬುದು ಸಿದ್ಧಾಂತ. ಆದರೆ ಜುಗುಪ್ಸೆ ಎಂಬುದು ಎಲ್ಲಿದೆ? ಅದು ಹಾಸ್ಯ, ರತಿ, ಅರತಿ, ಶೋಕ, ಭಯಗಳ ಸಾಲಿನಲ್ಲಿ ಬರುವ ನೋಕಷಾಯ. ಮೋಹನೀಯ ಕರ್ಮದ ಪ್ರಕೃತಿ. ಮೋಹನೀಯವೋ ಘಾತಿಕರ್ಮಗಳಲ್ಲೆಲ್ಲ ಪ್ರಬಲವಾದದ್ದು.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ತೊಡೆಯ ಮೇಲಿನ ಉಬ್ಬುತಗ್ಗು ಆತ್ಮಕ್ಕೆ ಏನನ್ನೂ ಮಾಡಲಾರದು. ಅದನ್ನು ಕಂಡು ಹುಟ್ಟುವ ಹೇಸಿಗೆ, ಅದು ತನ್ನ ಮೈಯನ್ನು ಕುರಿತದ್ದಾಗಲಿ ಪರರ ಮೈಯನ್ನು ಕುರಿತದ್ದಾಗಲಿ, ಆತ್ಮವನ್ನು ಕಟ್ಟಿಹಾಕುತ್ತದೆ. ಚಿಕಿತ್ಸೆ ಬೇಕಾಗಿರುವುದು ಚರ್ಮಕ್ಕಲ್ಲ, ಆ ಜುಗುಪ್ಸೆಗೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶುಚಿ ಭಾವನೆಯೂ ಒಂದಲ್ಲವೇ, ನಮ್ಮ ಆಚಾರ್ಯರೇ ದೇಹವನ್ನು ಮಲಿನವೆಂದಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ. ಆದರೆ ಅಶುಚಿ ಭಾವನೆ ಎಲ್ಲ ದೇಹಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ರಾಜನ ದೇಹ, ದಾಸಿಯ ದೇಹ, ನಟಿಯ ದೇಹ, ನನ್ನ ದೇಹ, ಎಲ್ಲವೂ ಅದೇ ರಕ್ತಮಾಂಸಗಳಿಂದಾದವು. ಆದ್ದರಿಂದ ಒಬ್ಬಳು ಇನ್ನೊಬ್ಬಳ ಮುಂದೆ ತಲೆತಗ್ಗಿಸಲು ಕಾರಣವೇ ಉಳಿಯುವುದಿಲ್ಲ. ಪೇಟೆಯ ಮಾತು ಇದಕ್ಕೆ ತೀರ ವಿರುದ್ಧ. ಅವಳ ದೇಹ ಶುದ್ಧ, ನಿನ್ನದು ಅಶುದ್ಧ, ಹಣ ಕೊಟ್ಟರೆ ಶುದ್ಧಮಾಡಿಕೊಡುತ್ತೇವೆ ಎಂದು ಅದು ಹೇಳುತ್ತದೆ. ಮೊದಲನೆಯದು ಮೋಹವನ್ನು ಕರಗಿಸುತ್ತದೆ, ಎರಡನೆಯದು ಮೋಹವನ್ನು ಮಾರುತ್ತದೆ. ಅಶುಚಿ ಭಾವನೆ ಇರುವುದು ತನ್ನ ಆಸಕ್ತಿಯನ್ನು ತಾನು ಕಳೆದುಕೊಳ್ಳಲು; ಹೆಣ್ಣನ್ನು ಹಳಿಯಲು ಅದನ್ನು ಬಳಸಿದವರು ಅದರ ತಿರುಳನ್ನು ತಿಳಿದವರಲ್ಲ.

ಅದಕ್ಕಾಗಿಯೇ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಗೆ ಸ್ಥಾನವಿದೆ. ದೇಹದ ಸ್ಥಿತಿಯನ್ನು ಕಂಡು ಹೇಸದೆ ಗುಣದಲ್ಲಿ ಪ್ರೀತಿಯಿಡುವುದೇ ಅದರ ಸಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಉದ್ದಾಯನ ರಾಜನನ್ನು ಉದಾಹರಿಸಿದ್ದಾರೆ. ರೋಗಗ್ರಸ್ತ ಮುನಿಯ ರೂಪದಲ್ಲಿ ಬಂದವನು ಮೈಮೇಲೆ ವಾಂತಿ ಮಾಡಿದರೂ ಹೇಸದೆ ಉಪಚರಿಸಿದವನು ಆ ರಾಜ. ಪರರ ವ್ರಣವನ್ನೂ ಪ್ರೀತಿಯಿಂದ ತೊಳೆಯಬೇಕೆಂದು ಕಲಿಸಿದ ಧರ್ಮದಲ್ಲಿ ಹುಟ್ಟಿ, ನಮ್ಮ ಮಗಳು ತನ್ನ ನಿರೋಗಿಯಾದ ಕಾಲುಗಳನ್ನು ಕಂಡು ಹೇಸುವಂತಾದರೆ, ನಾವು ಅವಳಿಗೆ ಕಲಿಸಿದ್ದೇನು?

ಅದೇ ಗ್ರಂಥ ಹೇಳುವ ಎಂಟು ಮದಗಳಲ್ಲಿ ಶರೀರಮದವೂ ಒಂದು. ವಡ್ಡಾರಾಧನೆಯಲ್ಲಿ ಬರುವ ಸನತ್ಕುಮಾರ ಚಕ್ರವರ್ತಿಯ ಕಥೆ ನಮ್ಮವರಿಗೆ ಪರಿಚಿತ. ದೇವತೆಗಳೇ ನೋಡಲು ಬಂದ ರೂಪ ಅವನದು. ಆ ರೂಪವೂ ನಿಲ್ಲದೆಂದು ತಿಳಿದಾಗ ಅವನು ಅದನ್ನು ಉಳಿಸಿಕೊಳ್ಳಲು ವೈದ್ಯರನ್ನು ಕರೆಸಲಿಲ್ಲ, ದೀಕ್ಷೆಯನ್ನು ಕೈಗೊಂಡ. ರೂಪದ ಹೆಮ್ಮೆ ಮದವಾದರೆ ರೂಪದ ನಾಚಿಕೆಯೂ ಅದೇ ತಕ್ಕಡಿಯ ಇನ್ನೊಂದು ತಟ್ಟೆ. ಎರಡೂ ನಾನೆಂದರೆ ಈ ಚರ್ಮ ಎಂಬ ಭ್ರಾಂತಿಯಿಂದಲೇ ಹುಟ್ಟುತ್ತವೆ.

ಇನ್ನೊಂದು ಮಾತನ್ನು ನಮ್ಮ ಸಮಾಜಕ್ಕೆ ವಿಶೇಷವಾಗಿ ಹೇಳಬೇಕು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವ ಹುಡುಗಿಯರನ್ನು ಕಂಡು, ಹೇಗೂ ಸ್ವಲ್ಪ ಸಣ್ಣಗಾಗುತ್ತೀ ಬಿಡು, ಮುಂದೆ ವರ ನೋಡಲು ಬರುತ್ತಾನೆ ಎಂದು ಹಿರಿಯರೇ ನಗುತ್ತ ಹೇಳುವುದುಂಟು. ಅದು ನಗೆಮಾತಾಗಿ ಉಳಿಯುವುದಿಲ್ಲ. ಕರ್ಮನಿರ್ಜರೆಗಾಗಿ ಮಾಡಬೇಕಾದ ತಪಸ್ಸು ಲೌಕಿಕ ಫಲದ ಆಸೆಯಿಂದ ನಡೆದರೆ ಅದು ನಿದಾನಶಲ್ಯ. ಉಪವಾಸದ ಪುಣ್ಯವೂ ಇಲ್ಲ, ಬೆಳೆಯುವ ಮೈಗೆ ಸಿಗಬೇಕಾದ ಪುಷ್ಟಿಯೂ ಇಲ್ಲ. ವ್ರತವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಬೇಡಿ.

ಹಾಗಾದರೆ ದೇಹವನ್ನು ಅಲಕ್ಷಿಸಬೇಕೇ? ಇಲ್ಲ. ಧರ್ಮಸಾಧನೆಗೆ ಇರುವ ಉಪಕರಣವಿದು. ಹಿತಮಿತವಾದ ಆಹಾರ, ನಡಿಗೆ, ಆಟ, ನಿದ್ರೆ ಇವೆಲ್ಲ ಬೇಕು. ಆರೋಗ್ಯಕ್ಕಾಗಿ ಮಾಡುವ ವ್ಯಾಯಾಮಕ್ಕೂ ಲಜ್ಜೆಯಿಂದ ಮಾಡುವ ದೇಹದಂಡನೆಗೂ ವ್ಯತ್ಯಾಸವಿದೆ. ಮಾಡುವವಳ ಮನಸ್ಸಿಗೆ ಅದು ಗೊತ್ತಿರುತ್ತದೆ. ಒಬ್ಬಾಕೆ ಲೇಪನವನ್ನು ಕೊಂಡಳೆಂದು ಅವಳನ್ನು ಹಂಗಿಸುವುದೂ ಧರ್ಮವಲ್ಲ. ಆದರೆ ಕೊಳ್ಳುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಈ ಕೊರತೆಯನ್ನು ನನಗೆ ಮೊದಲು ಹೇಳಿದವರು ಯಾರು? ಈ ವಸ್ತುವಿನ ಹಿಂದೆ ಜೀವಹಿಂಸೆ ಇದೆಯೇ? ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ ನಿಷೇಧಿಸಿದ್ದು 2014ರಲ್ಲಿ. ಅದಕ್ಕೆ ಮುನ್ನ ಎಷ್ಟು ಮೂಕಜೀವಿಗಳು ನಮ್ಮ ಮೈಯ ನುಣುಪಿಗಾಗಿ ನರಳಿದವೆಂಬುದನ್ನು ಅಹಿಂಸಾವ್ರತಿಗಳಾದ ನಾವು ಮರೆಯಬಾರದು.

ಗೃಹಸ್ಥರು ಮಾಡಬಹುದಾದದ್ದು ಸರಳವಾಗಿದೆ. ಕನ್ಯೆ ನೋಡಲು ಹೋದಾಗ ಮೈಕಟ್ಟಿನ ಮಾತನ್ನು ನಾಲಿಗೆಯ ಮೇಲೆ ತರಬೇಡಿ, ನುಡಿಯಲ್ಲಿಯೂ ಹಿಂಸೆಯುಂಟು. ಹೆರಿಗೆಯಾದ ಸೊಸೆಗೆ ಮೊದಲಿನಂತಿಲ್ಲವೆಂದು ಹೇಳಬೇಡಿ. ತಾಯಂದಿರು ಕನ್ನಡಿಯ ಮುಂದೆ ತಮ್ಮನ್ನು ತಾವೇ ಹಳಿದುಕೊಳ್ಳುವುದನ್ನು ಬಿಡಬೇಕು. ಮಗಳು ಹಿಂದೆ ನಿಂತು ಕೇಳುತ್ತಿರುತ್ತಾಳೆ. ತಂದೆಯಂದಿರು ಮಗಳನ್ನು ಆಟದ ಬಯಲಿನಿಂದ ಹಿಂದಕ್ಕೆ ಕರೆಯಬಾರದು. ಸೀರೆ ಎಲ್ಲವನ್ನೂ ಮುಚ್ಚುತ್ತದಲ್ಲ ಎಂಬ ಸಮಾಧಾನ ಸಾಲದು. ಮುಚ್ಚಿದ್ದರಿಂದ ಮುಳ್ಳು ಹೊರಬರುವುದಿಲ್ಲ.

ಐಹೊಳೆಯ ಮೆಗುತಿ ಬಸದಿಯನ್ನು ರವಿಕೀರ್ತಿ 634ರಲ್ಲಿ ಕಟ್ಟಿಸಿದ. ಅಲ್ಲಿ ದೊರೆತ ಅಂಬಿಕಾ ಯಕ್ಷಿಯ ಮೂರ್ತಿಯನ್ನು ಐಹೊಳೆಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ನೇಮಿನಾಥ ಸ್ವಾಮಿಯ ಆ ಯಕ್ಷಿ ತುಂಬಿದ ಮೈಯ ತಾಯಿ, ನಿರಾಳವಾಗಿ ಕುಳಿತಿದ್ದಾಳೆ. ಹೆಣ್ಣುಮಕ್ಕಳನ್ನು ಅವಳ ಮುಂದೆ ಒಮ್ಮೆ ಕರೆದೊಯ್ದು ನಿಲ್ಲಿಸಿ.

ಕೊನೆಯದಾಗಿ ಸಹೋದರಿಯರಲ್ಲಿ ಒಂದು ವಿನಂತಿ. ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತು ದಿನವಿಡೀ ತುಳಿಯುವುದು ಈ ಕಾಲುಗಳೇ. ಬಾದಾಮಿಯ ಮೆಟ್ಟಿಲುಗಳನ್ನು ಏರಿಸಿದ್ದು ಈ ಕಾಲುಗಳೇ. ಮಗು ಮಲಗಿದ್ದು ಈ ತೊಡೆಗಳ ಮೇಲೆ. ಪದ್ಮಾಸನವನ್ನು ಕಟ್ಟುವುದೂ ಈ ತೊಡೆಗಳ ಮೇಲೆಯೇ. ನಾಳೆ ಬೆಳಗಿನ ಸಾಮಾಯಿಕಕ್ಕೆ ಕುಳಿತಾಗ ಅವುಗಳ ಉಬ್ಬುತಗ್ಗುಗಳನ್ನು ಎಣಿಸಬೇಡಿ. ಅವು ನಿಮ್ಮನ್ನು ಅಲ್ಲಿಯವರೆಗೆ ತಂದಿವೆ. ಅಲ್ಲಿಂದ ಮುಂದಿನ ದಾರಿ ಆತ್ಮನದು.