ಸಭೆಯ ನೀರು ಕೊನೆಯ ಗದ್ದೆಗೆ

ಕಾರಟಗಿಯ ಗದ್ದೆಗಳಿಗೆ ಬರುವ ನೀರು ಎರಡು ಬಾಗಿಲುಗಳನ್ನು ದಾಟಿ ಬರಬೇಕು. ಒಂದು ಮುನಿರಾಬಾದಿನ ಬಳಿಯ ತುಂಗಭದ್ರಾ ಜಲಾಶಯದ್ದು; ಇನ್ನೊಂದು ಸಭೆಯದು. ಎಡದಂಡೆ ಕಾಲುವೆಗೆ ಎಂದಿನಿಂದ ಎಂದಿನವರೆಗೆ ನೀರು ಬಿಡಬೇಕೆಂಬುದನ್ನು ನೀರಾವರಿ ಸಲಹಾ ಸಮಿತಿಯು ಸಭೆ ಸೇರಿ ನಿಶ್ಚಯಿಸುತ್ತದೆ. ಆ ಮಾತನ್ನು ನಂಬಿಯೇ ರೈತನು ಸಸಿಮಡಿ ಹಾಕುತ್ತಾನೆ. ಅಕ್ಕಿ ಗಿರಣಿಯವನು ವರ್ಷದ ಲೆಕ್ಕ ಹಾಕುತ್ತಾನೆ.

ಕಾಲುವೆಗೊಂದು ಹಳೆಯ ರೋಗವುಂಟು. ಯೋಜನೆಯನ್ನು ರೂಪಿಸಿದವರು ವಿಸ್ತಾರವಾದ ನೆಲಕ್ಕೆ ಮಿತವಾಗಿ ನೀರುಣಿಸಲು, ಬಹುಮಟ್ಟಿಗೆ ಲಘು ಬೆಳೆಗಳನ್ನೇ ಎಣಿಸಿದ್ದರು. ಆದರೆ ಗಂಗಾವತಿ, ಕಾರಟಗಿಗಳ ಕಡೆ ಭತ್ತ ಹಬ್ಬಿತು; ರಾಯಚೂರು ಜಿಲ್ಲೆಯ ಕೊನೆಭಾಗದ ಹೊಲಗಳು ಬಾಯಾರಿದವು.

ಸಭೆಗಳ ರೋಗವೂ ಇದೇ. ಗಿರಣಿಯೊಂದರಲ್ಲಿ ಒಂದು ಗಂಟೆಯ ಸಭೆ ಸೇರಿತೆನ್ನಿ. ಮುಂದಿನ ಕುರ್ಚಿಯ ಇಬ್ಬರೇ ಮುಕ್ಕಾಲು ಗಂಟೆಯನ್ನು ಕುಡಿದುಬಿಡುತ್ತಾರೆ. ಬಾಯ್ಲರಿನ ದೋಷವನ್ನು ಕಣ್ಣಾರೆ ಕಂಡ ಕೆಲಸಗಾರ ಹಿಂದಿನ ಸಾಲಿನಲ್ಲಿ ಬಾಯಿ ತೆರೆಯುವ ಮುನ್ನವೇ ಚಹಾ ಬರುತ್ತದೆ. ಸಭೆ ಮುಗಿಯುತ್ತದೆ, ದೋಷ ಉಳಿಯುತ್ತದೆ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಅನುಭವಿ ತಂತ್ರಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿಯನ್ನು ಮುಚ್ಚಲಾಯಿತು. ಅಂದು ಎಲ್ಲರ ಮುಂದಿದ್ದ ಪ್ರಶ್ನೆ ಒಂದೇ, ಅದೂ ಸ್ಪಷ್ಟವಾದದ್ದು. ಪ್ರತಿ ಸಭೆಗೂ ಅಂತಹ ಒಂದು ಪ್ರಶ್ನೆ ಬೇಕು. ಆದುದರಿಂದ ಕರೆಯೋಲೆಯಲ್ಲಿ ‘ಗಿರಣಿಯ ದುರಸ್ತಿ’ ಎಂದು ಬರೆಯುವುದಕ್ಕಿಂತ, ‘ಹೊಸ ಭತ್ತ ಬರುವುದರೊಳಗೆ ಬಾಯ್ಲರ್ ಸಿದ್ಧವಾಗುವುದು ಹೇಗೆ?’ ಎಂದು ಬರೆಯುವುದು ಮೇಲು.

ಕಾಲುವೆಯ ರೋಗಕ್ಕೆ ಔಷಧ ಸರದಿ. ಸಭೆಗೂ ಅದೇ ಔಷಧ. ಮೊದಲ ಸರದಿ ಹಿಂದಿನ ಸಾಲಿನವರದು, ಕೊನೆಯದು ಅಧ್ಯಕ್ಷರದು. ಯಜಮಾನರು ಅಭಿಪ್ರಾಯ ಹೇಳಿದ ಮೇಲೆ ಉಳಿದವರಿಗೆ ತಲೆದೂಗುವ ಕೆಲಸವಲ್ಲದೆ ಬೇರೇನಿದೆ? ಇನ್ನು ಗೊತ್ತುವಳಿ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದ ಕೆಲಸಕ್ಕೆ ಒಡೆಯನಿರುವುದಿಲ್ಲ. ಯಾರು, ಏನನ್ನು, ಯಾವ ದಿನದೊಳಗೆ ಮಾಡತಕ್ಕದ್ದೆಂಬ ಮೂರನ್ನೂ ಬರೆದು, ಎಲ್ಲರೂ ಕೇಳುವಂತೆ ಓದಿ, ಆಮೇಲೆ ಏಳಬೇಕು. ಮುಂದಿನ ಸಭೆ ಅದೇ ಹಾಳೆಯ ಓದಿನಿಂದ ಆರಂಭವಾಗಬೇಕು.

ಕಾಲುವೆ ಚೆನ್ನಾಗಿ ಹರಿಯುತ್ತಿದೆಯೆ ಎಂಬುದನ್ನು ಅಣೆಕಟ್ಟಿನ ಮೇಲೆ ನಿಂತು ಹೇಳಲಾಗದು. ಕೊನೆಯ ಗದ್ದೆಯಲ್ಲಿ ಕಾಲಿಟ್ಟು ನೋಡಬೇಕು. ಸಭೆ ಫಲಿಸಿತೆ ಎಂಬುದನ್ನೂ ಹಿಂದಿನ ಸಾಲಿನವನನ್ನೇ ಕೇಳಬೇಕು.